ಓಣಿ ತೆರವು ಕುರಿತು

"ಸ್ವಲ್ಪ ಸರೀರಿ, ಬೆಳಕಿಗೆ ಅಡ್ಡ ಬರ್ತಿದೀರ," ಎನ್ನುತ್ತ ದೀರ್ಘಕ್ಕ ಗುಂಪನ್ನು ಸರಿಸಿಕೊಂಡು ಮುಂದೆ ಬಂದಳು. ಸಲೂನಿನ ಗೋಡೆಗೆ ಅಂಟಿಸಿದ್ದ ನಗರಸಭೆಯ ನೋಟಿಸನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಕೈಚೀಲದಿಂದ ಕೆಂಪು ಪೆನ್ನು ತೆಗೆದು ತಿದ್ದುವುದಕ್ಕೆ ಶುರುಮಾಡಿದಳು. ಓಣಿಯ ಮೂವತ್ತೊಂದು ಮನೆಗಳನ್ನೂ ಅರವತ್ತು ದಿನಗಳೊಳಗೆ ಖಾಲಿ ಮಾಡಬೇಕು, ಆ ಜಾಗದಲ್ಲಿ ಅಂಗಡಿ ಸಾಲುಗಳೂ ಏಳಂತಸ್ತಿನ ವಾಹನ ನಿಲುಗಡೆಯೂ ಬರಲಿವೆ, ಆಕ್ಷೇಪಣೆ ಇದ್ದವರು ಇಪ್ಪತ್ತೆರಡನೇ ತಾರೀಖಿನ ಅಹವಾಲು ಸಭೆಗೆ ಹಾಜರಾಗತಕ್ಕದ್ದು ಎಂದು ಅದರಲ್ಲಿತ್ತು.

"ಪುನರಭಿವೃದ್ಧಿಗೆ ಮಹಾಪ್ರಾಣವೇ ಹಾಕಿಲ್ಲ ನೋಡಿ," ಎಂದಳು.

"ಇಲ್ಲಿ ನಮ್ಮ ಪ್ರಾಣ ಹೋಗ್ತಾ ಇದೆ, ನೀವು ಮಹಾಪ್ರಾಣ ಹುಡುಕ್ತಿದೀರಲ್ಲಕ್ಕ," ಎಂದ ಸಲೂನಿನವನು. ಅವನ ಕೈಯಲ್ಲಿ ಸೋಪಿನ ಬ್ರಷ್ಷು ಹಾಗೇ ಇತ್ತು. ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೊಬ್ಬ ಕುತ್ತಿಗೆಗೆ ಟವೆಲು ಸುತ್ತಿಕೊಂಡೇ ಹೊರಗೆ ಬಂದು ನಿಂತಿದ್ದ.

ಅವಳಿಗೆ ಆ ಹೆಸರು ಬಂದದ್ದೇ ಈ ಸಲೂನಿನಿಂದ. ಇಪ್ಪತ್ತಾರು ವರ್ಷದಿಂದ ಮುದ್ರಣಾಲಯವೊಂದರಲ್ಲಿ ಪ್ರೂಫು ತಿದ್ದುವ ಕೆಲಸ. ಕಣ್ಣಿಗೆ ಬಿದ್ದ ಅಕ್ಷರವನ್ನು ಸುಮ್ಮನೆ ಬಿಟ್ಟು ಮುಂದೆ ಹೋಗುವುದು ಅವಳಿಂದಾಗದು. ಬೋರ್ಡಿನಲ್ಲಿ 'ಸಲುನ್' ಎಂದು ಬರೆಸಿದ್ದವನನ್ನು ಎಂಟು ತಿಂಗಳು ಬೆನ್ನು ಹತ್ತಿ, "ಒಂದು ದೀರ್ಘ ಎಳೆದರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಜೀವ ತಿಂದಿದ್ದಳು. ಕೊನೆಗೆ ಅವನು ಏಣಿ ಹಾಕಿಕೊಂಡು ತಾನೇ ಬಣ್ಣ ಬಳಿದು ಸರಿಮಾಡಿದ್ದ. ಅವತ್ತಿನಿಂದ ಅವಳು ಇಡೀ ಓಣಿಗೆ ದೀರ್ಘಕ್ಕ. ಅವಳ ಗಂಡ, ಕಿಟಕಿಯ ಪಕ್ಕ ಕೂತು ಕೈಗಡಿಯಾರ ರಿಪೇರಿ ಮಾಡುವ ಮನುಷ್ಯ, ಅವನೂ ಒಮ್ಮೊಮ್ಮೆ ಬಾಯಿ ತಪ್ಪಿ ಹಾಗೆ ಕರೆದು ಬೈಸಿಕೊಳ್ಳುತ್ತಿದ್ದ.

ನೋಟಿಸಿನ ನಾಲ್ಕನೇ ಸಾಲಿಗೆ ಬಂದಾಗ ಪೆನ್ನು ನಿಂತಿತು. ಆ ಸಾಲಿನಲ್ಲಿ ತಪ್ಪೇನೂ ಇರಲಿಲ್ಲ. "ನಿವಾಸಿಗಳೆಲ್ಲರ ಲಿಖಿತ ಹಾಗೂ ಒಮ್ಮತದ ಕೋರಿಕೆಯ ಮೇರೆಗೆ" ಎಂದಿತ್ತು. ದೀರ್ಘಕ್ಕ ಅದನ್ನು ಮನಸ್ಸಿನಲ್ಲಿ ಒಮ್ಮೆ ಓದಿ, ಆಮೇಲೆ ಗಟ್ಟಿಯಾಗಿ ಓದಿದಳು.

"ನಾವೆಲ್ಲಿ ಕೋರಿದ್ವಿ?" ಎಂದ ಅರ್ಧ ಗಡ್ಡದವನು.

"ಅದೇ ನಾನೂ ಕೇಳ್ತಿರೋದು. ಯಾರೋ ನಮ್ಮ ಹೆಸರಲ್ಲಿ ಬರೆದುಕೊಟ್ಟಿದಾರೆ. ಯಾರು?"

ಈ 'ಯಾರು' ಎಂಬುದು ದೀರ್ಘಕ್ಕನ ತಲೆ ಹೊಕ್ಕಿದ್ದು ಹೊಕ್ಕಿತು, ಮತ್ತೆ ಹೊರಗೆ ಬರಲಿಲ್ಲ. ಬೇರೆಯವರು ಮನೆ ಹೋಗುತ್ತದಲ್ಲ ಎಂದು ಕೊರಗಿದರು, ನಗರಸಭೆಯನ್ನು ಶಪಿಸಿದರು. ಅವಳಿಗೂ ಸಂಕಟವಿತ್ತು. ಮದುವೆಯಾಗಿ ಬಂದ ಮನೆ, ಗಂಡನ ಬೆಳಕಿನ ಕಿಟಕಿ ಇರುವ ಮನೆ. ಅಂಥ ಉತ್ತರ ದಿಕ್ಕಿನ ಬೆಳಕು ಊರಲ್ಲಿ ಇನ್ನೆಲ್ಲಿ ಹುಡುಕಿದರೂ ಸಿಗದೆಂದು ಅವನು ಹೇಳುತ್ತಲೇ ಇರುತ್ತಿದ್ದ. ಆದರೆ ಸಂಕಟದ ಮೇಲೆ ಕುತೂಹಲ ಏರಿ ಕೂತಿತ್ತು. ಬರೆದವರ ಕೈಬರಹ ಹೇಗಿರಬಹುದು? ಒಬ್ಬರೇ ಬರೆದದ್ದೋ, ನಾಲ್ಕು ಜನ ಸೇರಿ ಬರೆದದ್ದೋ? 'ಒಮ್ಮತ' ಎಂಬ ಮಾತು ಓಣಿಯಲ್ಲಿ ಯಾರ ಬಾಯಲ್ಲಿ ಬರುತ್ತದೆ? ಪ್ರೂಫಿನ ಹಾಳೆಯ ಮೇಲೂ ಇವೇ ಪ್ರಶ್ನೆಗಳು ಓಡಾಡಿ, ಆ ವಾರ ಒಂದು ಪಠ್ಯಪುಸ್ತಕದಲ್ಲಿ ಮೂರು ತಪ್ಪು ಹಾಗೇ ಉಳಿದುಹೋದವು.

ಉತ್ತರ ಗೊತ್ತಿಲ್ಲದಾಗ ಮನುಷ್ಯ ಕೈಗೆ ಸಿಕ್ಕ ಉತ್ತರವನ್ನೇ ಹಿಡಿಯುತ್ತಾನೆ. ಎದುರು ಮನೆಯ ಬಸ್ ಡ್ರೈವರ್ ಹೆಂಡತಿಗೆ ಸೊಂಟದ ಮೂಳೆ ಮುರಿದು ಎರಡು ವರ್ಷವಾಗಿತ್ತು. ಇವತ್ತಿಗೂ ಮೆಟ್ಟಿಲು ಹತ್ತಿ ಇಳಿಯಲು ಒಬ್ಬರ ಕೈ ಬೇಕು. "ಲಿಫ್ಟ್ ಇರೋ ಕಡೆ ಒಂದು ಮನೆ ಸಿಕ್ಕಿದ್ರೆ ಇವಳಿಗೆ ಸುಖ," ಎಂದು ಡ್ರೈವರ್ ಒಮ್ಮೆ ಯಾರ ಬಳಿಯೋ ಅಂದಿದ್ದ. ನೋಟಿಸಿನಲ್ಲಿ, ಮನೆ ಕಳೆದುಕೊಂಡವರಿಗೆ ಊರಾಚೆ ಲಿಫ್ಟ್ ಇರುವ ಕಟ್ಟಡದಲ್ಲಿ ಜಾಗ ಎಂದಿತ್ತು.

"ಲಿಫ್ಟ್ ಬೇಕು ಅಂತಿದ್ದವರು ಯಾರು ಅಂತ ಒಂದ್ಸಲ ನೆನಪು ಮಾಡ್ಕೊಳ್ಳಿ," ಎಂದು ದೀರ್ಘಕ್ಕ ಸಲೂನಿನ ಬೆಂಚಿನ ಮೇಲೆ ಕೂತು ಅಂದಳು. "ನಾನಂತೂ ಯಾರ ಹೆಸರೂ ಹೇಳಲ್ಲ."

ಹೆಸರು ಹೇಳುವ ಅಗತ್ಯವೇ ಬೀಳಲಿಲ್ಲ. ನಾಲ್ಕು ದಿನದಲ್ಲಿ ಡ್ರೈವರ್ ಬಂದರೆ ಬೆಂಚು ಖಾಲಿಯಾಗುವ ಹಾಗಾಯಿತು. ಅವನ ಹೆಂಡತಿ ಬಾಗಿಲಲ್ಲಿ ಕೂತಿದ್ದರೆ ಹಾದುಹೋಗುವ ಹೆಂಗಸರು ಏನೋ ಅವಸರದಲ್ಲಿರುವವರಂತೆ ಹೆಜ್ಜೆ ಹಾಕಿದರು. ದೀರ್ಘಕ್ಕನೂ ಹಾಗೇ ಮಾಡಿದಳು. ಡ್ರೈವರ್ ಬಾಯಿಬಿಟ್ಟು ಇಲ್ಲವೆನ್ನಲೂ ಇಲ್ಲ, ಹೌದೆನ್ನಲೂ ಇಲ್ಲ. ಬೆಳಿಗ್ಗೆ ಖಾಕಿ ತೊಟ್ಟು ಹೋಗುತ್ತಿದ್ದ, ಸಂಜೆ ಬರುತ್ತಿದ್ದ. ಆ ಸುಮ್ಮನಿರುವಿಕೆ ನೋಡಿ ಅವಳಿಗೆ ಅನುಮಾನ ಇನ್ನೂ ಗಟ್ಟಿಯಾಯಿತು.

ಆದರೂ ಅನುಮಾನ ಬೇರೆ, ಕಣ್ಣಾರೆ ನೋಡುವುದು ಬೇರೆ. ಕಡತ ನೋಡಲು ಅರ್ಜಿ ಹಾಕಿ ಅವಳು ನಗರಸಭೆಗೆ ಅಲೆಯತೊಡಗಿದಳು.

"ಫೈಲು ಮೇಲಕ್ಕೆ ಹೋಗಿದೆಯಮ್ಮ," ಎಂದ ಕೆಳಗಿನ ಗುಮಾಸ್ತ.

"ಮೇಲಕ್ಕೆ ಅಂದ್ರೆ? ಸತ್ತುಹೋಯ್ತಾ?"

"ಎರಡನೇ ಮಹಡಿಗೆ."

ಎರಡನೇ ಮಹಡಿಯವರು ಕೆಳಗೆ ಕಳಿಸಿದ್ದೇವೆಂದರು. ಇನ್ನೊಂದು ದಿನ ಸಹಿಯಾಗಿಲ್ಲ, ಮತ್ತೊಂದು ದಿನ ಸಾಹೇಬರಿಲ್ಲ. ದೀರ್ಘಕ್ಕ ಮುದ್ರಣಾಲಯಕ್ಕೆ ಅರ್ಧ ದಿನದ ರಜೆಗಳನ್ನು ಬರೆದುಕೊಡುತ್ತ, ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು. ಕೂತು ಕೂತು ಅವಳಿಗೆ ಆ ಕಚೇರಿಯ ಮೇಲೂ ಕುತೂಹಲ ಹುಟ್ಟಿತು. ಯಾರು ಬಂದರೆ ಯಾರು ಎದ್ದು ನಿಲ್ಲುತ್ತಾರೆ, ಯಾವ ಬೀರುವಿನ ಬಾಗಿಲಿಗೆ ಕಾಗದ ಮಡಚಿ ಒತ್ತು ಕೊಟ್ಟಿದ್ದಾರೆ, ಎಲ್ಲ ಲೆಕ್ಕಕ್ಕೆ ಬಂತು. ನಾಲ್ಕನೇ ಸಲ ಹೋದಾಗ ಗುಮಾಸ್ತ ಯಾವುದೋ ಉತ್ತರ ಬರೆಯುತ್ತ ತಲೆ ಕೆರೆದುಕೊಳ್ಳುತ್ತಿದ್ದ. ಮೇಜಿನ ಈಚೆಯಿಂದಲೇ ತಲೆಕೆಳಗಾಗಿ ಓದಿ ಅವಳು, "ಉಲ್ಲೇಖಕ್ಕೆ ಮಹಾಪ್ರಾಣ ಬೇಕು. ಮತ್ತೆ ಆ ಎರಡನೇ ವಾಕ್ಯಕ್ಕೆ ಕರ್ತೃನೇ ಇಲ್ಲ," ಎಂದಳು.

ಅವನು ತಲೆಯೆತ್ತಿ ನೋಡಿದ. ಸಿಟ್ಟಾಗುತ್ತಾನೇನೋ ಎಂದುಕೊಂಡರೆ, ಹಾಳೆಯನ್ನೇ ತಿರುಗಿಸಿ ಅವಳ ಮುಂದಿಟ್ಟ. ಹತ್ತು ನಿಮಿಷದಲ್ಲಿ ಕಾಗದ ಚೊಕ್ಕಟವಾಯಿತು. ಗುಮಾಸ್ತ ಎದ್ದು ಹೋಗಿ, ಇಷ್ಟು ದಿನ ಮಹಡಿಯಿಂದ ಮಹಡಿಗೆ ಓಡಾಡುತ್ತಿದ್ದ ಫೈಲನ್ನು ಅದೇ ಬೀರುವಿನಿಂದ ತೆಗೆದುಕೊಂಡು ಬಂದ.

"ತಗೊಳ್ಳಿ. ನಿಮ್ಮ ಓಣಿಯವರ ಕೋರಿಕೆ ಮೊದಲನೇ ಪುಟದಲ್ಲೇ ಇದೆ. ಬರೆದವರು ಯಾರೋ, ಭಾಷೆ ಎಷ್ಟು ಚೆನ್ನಾಗಿದೆ ನೋಡಿ. ನಮಗೆ ಬರೋ ಅರ್ಜಿಗಳಲ್ಲಿ ಒಂದೂ ತಪ್ಪಿಲ್ಲದ್ದು ಇದೊಂದೇ."

ದೀರ್ಘಕ್ಕ ನೋಡಿದಳು. ದುಂಡಗೆ, ಒಂದರ ಪಕ್ಕ ಒಂದು ಹದವಾಗಿ ಕೂತ ಅಕ್ಷರಗಳು. ಕೊಂಬು ಕೊಂಬಿನ ಜಾಗದಲ್ಲಿ, ಒತ್ತು ಒತ್ತಿನ ಜಾಗದಲ್ಲಿ. ಅವಳದೇ ಕೈಬರಹ.

'ವಿಷಯ: ಓಣಿ ತೆರವು ಕುರಿತು. ಮಾನ್ಯರೇ, ನಮ್ಮ ಓಣಿಯ ಸದ್ಯದ ಸ್ಥಿತಿ ತಮಗೆ ತಿಳಿದೇ ಇದೆ. ಇದರಿಂದ ವೃದ್ಧರಿಗೂ ರೋಗಿಗಳಿಗೂ ಆಗುತ್ತಿರುವ ತೊಂದರೆ ಹೇಳತೀರದು. ಆದ್ದರಿಂದ ಇನ್ನು ತಡಮಾಡದೆ ಓಣಿಯನ್ನು ಸಂಪೂರ್ಣವಾಗಿ ತೆರವುಗೊಳಿಸಿಕೊಡಬೇಕೆಂದು ನಾವೆಲ್ಲರೂ ಒಮ್ಮತದಿಂದ ಕೋರುತ್ತೇವೆ.' ಕೆಳಗೆ ಮೂವತ್ತೊಂದು ಮನೆಗಳ ಸಹಿ.

ಎರಡು ವರ್ಷದ ಹಿಂದೆ ಒಳಚರಂಡಿಗೆಂದು ಅಗೆದು, ಓಣಿಯ ಬಾಯಲ್ಲೇ ಆಳೆತ್ತರ ಮಣ್ಣು ಸುರಿದು, ಕೊಳವೆಗಳನ್ನು ಅಡ್ಡ ಬಿಸಾಕಿ ಹೋಗಿದ್ದರು. ಡ್ರೈವರ್ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದದ್ದು ಆಗಲೇ. ಆಂಬುಲೆನ್ಸು ಹೊರಗೇ ನಿಂತಿತು. ನಾಲ್ಕು ಜನ ಬಾಗಿಲು ಕಳಚಿ ಅದರ ಮೇಲೆ ಅವಳನ್ನು ಮಲಗಿಸಿಕೊಂಡು ಮಣ್ಣಿನ ರಾಶಿ ಹತ್ತಿ ಇಳಿದಿದ್ದರು. ಆ ಕೂಗು ಕೇಳಲಾಗದೆ ದೀರ್ಘಕ್ಕ ಮರುದಿನವೇ ಅರ್ಜಿ ಬರೆದಳು. ಮೊದಲ ಕರಡಿನಲ್ಲಿ ಮಣ್ಣು, ಕಲ್ಲು, ಕೊಳವೆ ಎಂದು ಮೂರು ಕಡೆ ಇತ್ತು. ಒಂದೇ ಮಾತು ಮತ್ತೆ ಮತ್ತೆ ಬಂದರೆ ಅವಳ ಕೈ ಸುಮ್ಮನಿರುವುದಿಲ್ಲ. ಒಂದೊಂದಾಗಿ ಹೊಡೆದುಹಾಕಿದಳು. ಮೂರನೆಯದನ್ನು ಹೊಡೆಯುವಾಗ ಮೊದಲೆರಡೂ ಹೋಗಿವೆ ಎಂಬುದು ನೆನಪಾಗಲಿಲ್ಲ. ಓಣಿಯವರು ಓದದೆ ಸಹಿ ಹಾಕಿದರು, ಬರೆದವಳು ದೀರ್ಘಕ್ಕ ಅಲ್ಲವೇ. ಉತ್ತರ ಬರಲಿಲ್ಲ. ಆ ತಿಂಗಳ ಕೊನೆಗೆ ಗುತ್ತಿಗೆದಾರನ ಕಡೆಯವರು ಬಂದು ರಾಶಿ ಎತ್ತಿಕೊಂಡು ಹೋದರು, ಎಲ್ಲರೂ ಮರೆತರು. ಅವಳ ನೆನಪಿನಲ್ಲಿ ಅದು ಮಣ್ಣಿನ ಕಾಗದವಾಗಿಯೇ ಉಳಿದಿತ್ತು. ಕಾಗದದಲ್ಲಿ ಮಾತ್ರ ಮಣ್ಣಿರಲಿಲ್ಲ.

"ಏನಮ್ಮ, ಗುರುತು ಸಿಕ್ತಾ?" ಎಂದ ಗುಮಾಸ್ತ.

"ಪ್ರತಿ ಬೇಕಾಗಿತ್ತು," ಎಂದಳು.

ಸಂಜೆ ಗಂಡನ ಕೆಲಸದ ಮೇಜಿನ ಮೇಲೆ ಪ್ರತಿಗಳನ್ನಿಟ್ಟು ಅವಳು ಗೋಡೆಗೆ ಮುಖ ಮಾಡಿ ಕೂತಳು. ಅವನು ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಓದಿದ.

"ಒಂದು ಪದ ತಾನೆ ಬಿಟ್ಟಿರೋದು," ಎಂದ.

"ರೀ, ಸಮಾಧಾನ ಮಾಡ್ಬೇಡಿ. ಮೂವತ್ತೊಂದು ಮನೇನ ನಾನೇ ಬರೆದುಕೊಟ್ಟಿದೀನಿ. ಸಾಲದು ಅಂತ ಆ ಮನುಷ್ಯನ ತಲೆಗೆ ಕಟ್ಟಿದೀನಿ. ಇನ್ನು ಆ ಮನೆ ಕಡೆ ತಲೆಯೆತ್ತಿ ನೋಡೋದು ಹೇಗೆ?"

ಅವನು ಮುಂದಿನ ಹಾಳೆಗಳನ್ನು ತಿರುವಿದ. ಬಿಡಿಭಾಗ ಕಳೆದುಹೋದ ಗಡಿಯಾರ ನೋಡುವಾಗಿನ ಹಾಗೆ ಅವನ ಕುತ್ತಿಗೆ ಬಾಗಿತ್ತು. "ಇದೇನು ಇದು? ಸ್ಥಳ ಪರಿಶೀಲನೆ ವರದಿಯಂತೆ. ತಾರೀಖು ಹದಿನಾರು, ನೀನು ಅರ್ಜಿ ಕೊಟ್ಟು ಏಳು ದಿನಕ್ಕೆ. 'ವಾಹನದಲ್ಲಿ ಓಣಿಯ ಕೊನೆಯ ಮನೆಯವರೆಗೆ ಸಾಗಿ, ನಿವಾಸಿಗಳನ್ನು ಖುದ್ದಾಗಿ ಭೇಟಿ ಮಾಡಿ, ಸಂತೋಷದ ಸಮ್ಮತಿ ಪಡೆಯಲಾಯಿತು.' ಆಗ ಜೀಪು ಹೇಗೆ ಬಂತು? ನನ್ನ ಸೈಕಲ್ಲನ್ನೇ ಹೊತ್ತು ದಾಟಿಸ್ತಿದ್ದೆ."

ದೀರ್ಘಕ್ಕ ತಿರುಗಿ ಕೂತಳು. ಹಾಳೆ ಕಸಿದುಕೊಂಡು ತಾನೂ ಓದಿದಳು. ಯಾರೂ ಬಂದೇ ಇಲ್ಲ. ಕುರ್ಚಿಯಲ್ಲಿ ಕೂತು ಬರೆದಿದ್ದಾರೆ.

"ಆದ್ರೆ ಒಂದು ತಿಳ್ಕೋ," ಎಂದ ಗಂಡ. "ಈ ಕಾಗದ ಸುಳ್ಳು, ನಾವು ಬರೆದಿದ್ದಲ್ಲ ಅಂದ್ರೆ ಸಾಬೀತು ಮಾಡೋ ಕೆಲಸ ಅವರದ್ದು. ಎಳೆದಾಡ್ತಾ ಕಾಲ ತಳ್ಳಬಹುದು. ನನ್ನದೇ ಅಂದ್ಯೋ, ಸಾಬೀತು ಮಾಡೋ ಕೆಲಸ ನಿನ್ನದು. ಆ ದಿನ ಮಣ್ಣಿತ್ತು ಅನ್ನೋದಕ್ಕೆ ಏನಿದೆ ನಮ್ಮ ಹತ್ರ?"

ಏನಿದೆಯೋ ಅದು ಎದುರು ಮನೆಯಲ್ಲಿತ್ತು. ಆ ಹೆಂಗಸು ಆಸ್ಪತ್ರೆಯಿಂದ ಬಂದದ್ದು ಆ ವಾರವೇ, ತಾರೀಖು ಅವರಿಗೆ ಗೊತ್ತಿರುತ್ತದೆ. ಹೋಗಿ ಕೇಳಬೇಕು. ದೀರ್ಘಕ್ಕ ಎರಡು ಸಲ ಚಪ್ಪಲಿ ಮೆಟ್ಟಿ ಎರಡು ಸಲವೂ ಬಿಟ್ಟಳು. ನಾಚಿಕೆ ಕಾಲಿಗೆ ತೊಡರಿತು. ಕಾಗದ ಸುಳ್ಳೆಂದರೆ ತನ್ನ ಮಾನ ಉಳಿಯುತ್ತದೆ, ಓಣಿಯೂ ಉಳಿದರೆ ಉಳಿಯಬಹುದು, ಆದರೆ ಬರೆದವನು ಡ್ರೈವರೇ ಎಂಬ ಮಾತು ಅವನು ಸಾಯುವ ತನಕ ಅವನ ಮೇಲಿರುತ್ತದೆ. ಅದೊಂದು ಅವಳಿಗೆ ನುಂಗಲಾಗಲಿಲ್ಲ.

ಇಪ್ಪತ್ತೆರಡನೇ ತಾರೀಖು ಬೆಳಿಗ್ಗೆ ನಗರಸಭೆಯ ಸಭಾಂಗಣದಲ್ಲಿ ಫ್ಯಾನುಗಳು ಸದ್ದು ಮಾಡುತ್ತಿದ್ದವು. ಮೂವತ್ತೊಂದು ಮನೆಯವರೂ ಬಂದಿದ್ದರು. ಡ್ರೈವರ್ ಖಾಕಿಯಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದ, ಮಧ್ಯಾಹ್ನ ಅವನಿಗೆ ಡ್ಯೂಟಿ. ಅವನ ಎರಡೂ ಪಕ್ಕದ ಕುರ್ಚಿಗಳು ಖಾಲಿ. ವೇದಿಕೆಯ ಮೇಲೆ ಆಯುಕ್ತೆ, ಮೂರು ತಿಂಗಳ ಹಿಂದೆ ಬಂದವರು. ಪಕ್ಕದಲ್ಲಿ ವರದಿ ಬರೆದ ಇಂಜಿನಿಯರು.

"ನೀವೇ ಕೇಳಿಕೊಂಡಿದ್ದನ್ನ ಈಗ ಬೇಡ ಅಂತೀರಲ್ಲ," ಎಂದರು ಆಯುಕ್ತೆ, ಬೇಸರದಿಂದಲೇ. ಇಂಜಿನಿಯರು ಎದ್ದು ಕೋರಿಕೆಯನ್ನು ಓದಿದರು. ಸ್ಪಷ್ಟವಾಗಿ, ಒಂದು ದೀರ್ಘವನ್ನೂ ತಪ್ಪಿಸದೆ. ಜೀವನದಲ್ಲಿ ಮೊದಲ ಸಲ ದೀರ್ಘಕ್ಕನಿಗೆ ಯಾರಾದರೂ ತಪ್ಪು ಓದಬಾರದೇ ಅನ್ನಿಸಿತು.

ಸಭೆಯಲ್ಲಿ ಗುಸುಗುಸು ಎದ್ದಿತು. "ಯಾರು ಬರೆದಿದ್ದು, ಹೆಸರು ಹೇಳಿ," ಎಂದ ಸಲೂನಿನವನು, ಹಿಂದಿನ ಸಾಲಿನ ಕಡೆ ಕತ್ತು ತಿರುಗಿಸುತ್ತ. ಎಲ್ಲರ ಕತ್ತೂ ತಿರುಗಿತು.

"ಬರೆದವಳು ನಾನು," ಎಂದಳು ದೀರ್ಘಕ್ಕ.

ಎದ್ದು ನಿಂತದ್ದು ಅವಳಿಗೇ ತಿಳಿಯಲಿಲ್ಲ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು. ತೆರವು ಅಂದದ್ದು ಮಣ್ಣಿನ ರಾಶಿಯನ್ನು ಕುರಿತು ಎಂದಳು. ಮಣ್ಣು ಎಂಬ ಮಾತನ್ನು ತಾನೇ ಹೊಡೆದುಹಾಕಿದ್ದನ್ನೂ ಹೇಳಿದಳು. ಯಾರೋ ಹಿಂದಿನಿಂದ ಒಂದು ಕೆಟ್ಟ ಮಾತು ಅಂದರು. ಸಲೂನಿನವನು ಬಾಯಿ ತೆರೆದವನು ಹಾಗೇ ಕೂತಿದ್ದ. ಗಂಡ ನೆಲ ನೋಡುತ್ತಿದ್ದ.

"ಅಮ್ಮ, ನೀವು ಮನಸ್ಸಲ್ಲಿ ಏನು ಅಂದುಕೊಂಡ್ರಿ ಅನ್ನೋದು ಫೈಲಿಗೆ ಬರಲ್ಲ," ಎಂದರು ಇಂಜಿನಿಯರು. "ಬರೆದಿದ್ದು ಬರೆದ ಹಾಗೆ."

"ಸರಿ ಸಾರ್. ನಾನು ಬರೆದಿದ್ದಕ್ಕೆ ನಾನು ಉತ್ತರ ಹೇಳ್ತೀನಿ. ನೀವು ಬರೆದಿದ್ದಕ್ಕೆ ನೀವು ಹೇಳಿ. ಎರಡು ವರ್ಷದ ಹಿಂದೆ ಹದಿನಾರನೇ ತಾರೀಖು ಓಣಿಯ ಕೊನೇ ಮನೆ ತನಕ ವಾಹನದಲ್ಲಿ ಬಂದ್ರಿ ಅಂತಿದೆ. ಹೇಗೆ ಬಂದ್ರಿ? ಬಂದು ಯಾರ ಮನೇಲಿ ಕೂತ್ರಿ? ನೋಡಿದ್ದಿದ್ರೆ ಅಷ್ಟು ದೊಡ್ಡ ರಾಶಿ ನಿಮ್ಮ ಕಣ್ಣಿಗೆ ಹೇಗೆ ಬೀಳಲಿಲ್ಲ?"

ಇಂಜಿನಿಯರು ಕನ್ನಡಕ ತೆಗೆದು ಒರೆಸಿದರು. "ರಾಶಿ ಇತ್ತು ಅನ್ನೋದಕ್ಕೆ ದಾಖಲೆ ಏನಿದೆ? ನಮ್ಮ ಕಡತದಲ್ಲಂತೂ ಆ ತಾರೀಖಿಗೆ ಕಾಮಗಾರಿ ಮುಗಿದಿದೆ."

ಆಯುಕ್ತೆ ದೀರ್ಘಕ್ಕನ ಕಡೆ ನೋಡಿದರು. ಅವಳ ಬಳಿ ಇದ್ದ ಮಾತು ಅಷ್ಟೇ. ಕಾಗದ ತನ್ನದೆಂದು ಒಪ್ಪಿಯಾಯಿತು, ಇನ್ನು ಮೂವತ್ತೊಂದು ಮನೆಯೂ ಅವಳ ಒಂದು ಸಾಲಿನಲ್ಲಿ ಹೋಗುವುದೊಂದೇ ಬಾಕಿ.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಹದಿನಾರನೇ ತಾರೀಖು ನಾನು ನಮ್ಮನೆಯವಳನ್ನ ಆಸ್ಪತ್ರೆಯಿಂದ ಕರ್ಕೊಂಡು ಬಂದೆ," ಎಂದ ಡ್ರೈವರ್. ಅವನು ದೀರ್ಘಕ್ಕನ ಕಡೆ ನೋಡಲಿಲ್ಲ. ಜೇಬಿನಿಂದ ಮಡಚಿದ ಚೀಟಿ ತೆಗೆದು ಹಿಡಿದ. "ಇದು ಆಸ್ಪತ್ರೆ ಚೀಟಿ, ತಾರೀಖಿದೆ. ಆಂಬುಲೆನ್ಸ್ ಓಣಿ ಹೊರಗೆ ನಿಂತ್ಕೊಳ್ತು. 'ಮಣ್ಣು ಅಡ್ಡ ಇದ್ದಿದ್ದರಿಂದ ರೋಗಿಯನ್ನ ಹೊರಗಡೆಯೇ ಇಳಿಸಲಾಯಿತು' ಅಂತ ಆಂಬುಲೆನ್ಸ್‌ನವನು ಇದರಲ್ಲೇ ಬರೆದು, ನನ್ನ ಸಹಿ ಹಾಕಿಸಿ, ಒಂದು ಪ್ರತಿ ಕೊಟ್ಟಿದಾನೆ. ನಾಳೆ ಏನಾದ್ರೂ ಆದ್ರೆ ಅವನ ತಲೆಗೆ ಬರಬಾರದಲ್ಲ, ಅದಕ್ಕೆ. ಆವತ್ತೂ ಹೊತ್ಕೊಂಡೇ ದಾಟಿಸಿದ್ದು. ಹೊತ್ತವರು ಇಲ್ಲೇ ಇದಾರೆ."

ಸಲೂನಿನವನು ಎದ್ದು ನಿಂತ. ಅವನ ಹಿಂದೆ ಇನ್ನಿಬ್ಬರು. ನಾಲ್ಕನೆಯವನಾಗಿ ದೀರ್ಘಕ್ಕನ ಗಂಡ ಎದ್ದ.

ಆಯುಕ್ತೆ ಚೀಟಿ ತರಿಸಿಕೊಂಡು ಓದಿದರು, ವರದಿಯ ಪಕ್ಕದಲ್ಲಿಟ್ಟು ಮತ್ತೆ ಓದಿದರು. "ಮಣ್ಣು," ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಪರಿಶೀಲನೆ ಮಾಡಿದವರು ಹದಿನೈದು ದಿನದಲ್ಲಿ ಲಿಖಿತ ವಿವರಣೆ ಕೊಡಬೇಕು, ಅಲ್ಲಿಯವರೆಗೆ ನೋಟಿಸಿಗೆ ತಡೆ, ಹೊಸದಾಗಿ ಸ್ಥಳ ನೋಡಲು ಖುದ್ದು ಆಯುಕ್ತರೇ ಬರುವರು ಎಂದು ಬರೆಸಿದರು. ಯೋಜನೆ ರದ್ದಾಯಿತೆಂದು ಯಾರೂ ಹೇಳಲಿಲ್ಲ. ಓಣಿಯವರು ಮೆಟ್ಟಿಲಿಳಿಯುವಾಗ ಗೆದ್ದೆವೋ ಇಲ್ಲವೋ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ದೀರ್ಘಕ್ಕನ ಜೊತೆ ಮಾತ್ರ ಯಾರೂ ಮಾತಾಡಲಿಲ್ಲ. ಗಂಡ, "ನಾನು ಮುಂದೆ ಹೋಗಿರ್ತೀನಿ, ನಿನಗೆ ಕೆಲಸ ಇದೆ," ಎಂದು ಸೈಕಲ್ಲು ಹತ್ತಿ ಹೊರಟುಬಿಟ್ಟ.

ಡ್ರೈವರ್ ಎದುರಿನ ಬಸ್ ನಿಲ್ದಾಣದ ಕಡೆ ಹೊರಟಿದ್ದ. ಅವಳು ಬಿರಬಿರನೆ ನಡೆದು ಅವನನ್ನು ಸೇರಿಕೊಂಡಳು.

"ಡ್ರೈವರಣ್ಣ, ನಾನು ನಿಮ್ಮ ಬಗ್ಗೆ ಸಲೂನಲ್ಲಿ..."

"ಗೊತ್ತು."

"ನಾನು ಬರೆದಿದ್ದು ಅಂತ ಗೊತ್ತಿದ್ದಿದ್ರೆ ಖಂಡಿತ..."

"ಅದೂ ಗೊತ್ತು," ಎಂದ ಅವನು ನಡೆಯುತ್ತಲೇ. "ನೋಟಿಸು ಬಂದ ದಿನಾನೇ ಅನ್ಕೊಂಡೆ. ನಮ್ಮ ಓಣಿಯಿಂದ ನಗರಸಭೆಗೆ ಹೋಗಿರೋ ಕಾಗದ ಒಂದೇ ಒಂದು ಅಲ್ವಾ. ಅದಕ್ಕೇ ಆ ಚೀಟಿ ಹುಡುಕಿ ಇಟ್ಕೊಂಡಿದ್ದು."

ದೀರ್ಘಕ್ಕ ನಿಂತುಬಿಟ್ಟಳು. "ಮತ್ತೆ ಯಾಕೆ ಬಾಯಿ ಬಿಡಲಿಲ್ಲ? ಇಪ್ಪತ್ತು ದಿನ ಎಲ್ಲರೂ ನಿಮ್ಮನ್ನ ಕಂಡ್ರೆ ಮುಖ ತಿರುಗಿಸಿದ್ರಲ್ಲ."

"ಹೇಳಿದ್ರೆ ಎಲ್ಲಾ ನಿಮ್ಮ ಮೇಲೆ ಬೀಳೋರು. ಆ ಕಾಗದ ನೀವು ಬರೆದಿದ್ದು ನಮ್ಮನೆಯವಳು ಕೂಗಿದ್ದು ಕೇಳಿ." ಅವನು ಕೈಗಡಿಯಾರ ನೋಡಿಕೊಂಡ. "ಆದ್ರೆ ನೀವು ಅವಳ ಜೊತೆ ಮಾತು ಬಿಟ್ಟಿದ್ದು ಬೇಜಾರಾಯ್ತು. ಅದು ಇನ್ನೂ ಇದೆ. ಹೋಗಿಲ್ಲ."

ಅವಳ ಕಣ್ಣು ತುಂಬಿ ಬಂತು. ನಿಲ್ದಾಣದಲ್ಲಿ ನಿಂತಿದ್ದ ಅವನ ಬಸ್ಸಿನ ಮುಂದಿನ ಬೋರ್ಡು ಕೂಡ ಓದಲಾಗಲಿಲ್ಲ. ಅವನು ಬಾಗಿಲು ತೆರೆದು ತನ್ನ ಸೀಟಿಗೆ ಹತ್ತಿದ. ಅವಳು ಹಿಂದಿನ ಬಾಗಿಲಿನಿಂದ ಹತ್ತಿ, ಜನರ ನಡುವೆ ಜಾಗ ಸಿಕ್ಕಲ್ಲಿ ಕಂಬ ಹಿಡಿದು ನಿಂತಳು.

ಬಸ್ಸು ಎರಡು ವೃತ್ತ ಸುತ್ತಿ, ಮಾರುಕಟ್ಟೆ ದಾಟಿ ಅವರ ರಸ್ತೆಗೆ ಬಂತು. ಓಣಿಗೆ ಹೋಗುವವರು ಮುಂದೆ ಆಸ್ಪತ್ರೆಯ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದು ಬರಬೇಕು, ಓಣಿಯ ಎದುರು ನಿಲ್ದಾಣವಿರಲಿಲ್ಲ. ಓಣಿ ಹತ್ತಿರವಾದಾಗ ಬಸ್ಸು ನಿಧಾನವಾಯಿತು, ಎಡಕ್ಕೆ ಸರಿಯಿತು, ನಿಂತಿತು.

"ಯಾರಪ್ಪ ಇಲ್ಲಿ ಇಳಿಯೋರು?" ಎಂದು ಯಾರೋ ಗೊಣಗಿದರು.

ಡ್ರೈವರ್ ಹಿಂತಿರುಗಿ ನೋಡಲಿಲ್ಲ, ಸ್ಟೀರಿಂಗಿನ ಮೇಲೆ ಎರಡು ಕೈ ಇಟ್ಟು ರಸ್ತೆಯನ್ನೇ ನೋಡುತ್ತಿದ್ದ. ದೀರ್ಘಕ್ಕ ಜನರನ್ನು ಸರಿಸಿಕೊಂಡು ಬಾಗಿಲಿಗೆ ಬಂದಳು. ಓಣಿಯೊಳಗೆ, ಅವನ ಮನೆಯ ಬಾಗಿಲಲ್ಲಿ, ಅವನ ಹೆಂಡತಿ ಚೌಕಟ್ಟು ಹಿಡಿದು ಎದ್ದು ನಿಲ್ಲಲು ನೋಡುತ್ತಿರುವುದು ಅಲ್ಲಿಂದಲೇ ಕಾಣಿಸುತ್ತಿತ್ತು. ಹಿಂದೆ ಹಾರನ್ನುಗಳು ಶುರುವಾದವು. ದೀರ್ಘಕ್ಕನ ಎರಡನೆಯ ಕಾಲೂ ನೆಲಕ್ಕೆ ತಾಗುವ ತನಕ ಬಸ್ಸು ಅಲ್ಲೇ ನಿಂತಿತ್ತು.